ಇಷ್ಟು ಪ್ರಾರ್ಥನೆ ಮಾಡ್ತೀರಲ್ಲ, ದೇವರು ಯಾಕೆ ಇನ್ನೂ ವಾಸಿ ಮಾಡಿಲ್ಲ?

ಕೋಲಾರದ ನಮ್ಮ ಬೀದಿಯವರು, ಚರ್ಚಿನ ಸಭೆಯವರು, ಬಸ್ಸಲ್ಲಿ ಪಕ್ಕ ಕೂತವರು, ಎಲ್ಲರೂ ಒಂದಲ್ಲ ಒಂದು ದಿನ ನನ್ನನ್ನು ಇದನ್ನು ಕೇಳಿದ್ದಾರೆ. ಪಕ್ಕದ ಮನೆ ಅಜ್ಜಿ ನನ್ನ ಕೈ ನೋಡಿ, "ನಿಮ್ಮ ಯೇಸಪ್ಪ ಕುಂಟರನ್ನೆಲ್ಲ ನಡೆಸಿದನಂತೆ, ನಿನ್ನ ಬೆರಳು ನೆಟ್ಟಗೆ ಮಾಡೋಕೆ ಏನಮ್ಮಾ ಕಷ್ಟ?" ಅಂತ ಮರುಗುತ್ತಾರೆ. ಸಭೆಯವರು ದನಿ ತಗ್ಗಿಸಿ ಕೇಳುತ್ತಾರೆ. ಆ ತಗ್ಗಿದ ದನಿಯೊಳಗೆ ಇನ್ನೊಂದು ಪ್ರಶ್ನೆ ಇರುತ್ತದೆ: ನಿನ್ನ ನಂಬಿಕೆಯಲ್ಲೇ ಏನೋ ಕಡಿಮೆ ಇದೆಯಾ? ಅಜ್ಜಿಯ ಮಾತು ನನಗೆ ನೋಯುವುದಿಲ್ಲ. ಇದು ನೋಯುತ್ತದೆ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳ ಕಾಯಿಲೆ. 11 ವರ್ಷವಾಯಿತು. ಶುರುವಿನಲ್ಲಿ ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡು ಅಂಗೈ ಮಧ್ಯೆ ಹಿಡಿದು ಕುಡಿಯುತ್ತಿದ್ದೆ. ನಮ್ಮ ಕಡೆ ಕೀಲು ಹಿಡಿದುಕೊಂಡಿತು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೋರ್‌ವೆಲ್ ನೀರು. ಅದು ಸುಳ್ಳೂ ಅಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ಕೆಟ್ಟದ್ದು. ಡಾಕ್ಟರೂ ನೀರಿನ ಬಗ್ಗೆಯೇ ಮೊದಲು ಕೇಳಿದರು. ಆಮೇಲೆ ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಗಿ ಇದರ ಹೆಸರು ಗೊತ್ತಾಯಿತು. ರೋಗಾಣುಗಳಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ಗುರುತು ತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುವ ಕಾಯಿಲೆ ಇದು. ಹೆಂಗಸರಲ್ಲಿ ಜಾಸ್ತಿ. ಬೇರು ಸಮೇತ ಕೀಳುವ ಔಷಧಿ ಇಲ್ಲ. ಹತೋಟಿಯಲ್ಲಿಡುವ ಔಷಧಿ ಇದೆ.

ನಾನು ಬ್ಲೌಸ್ ಹೊಲಿಯುತ್ತಿದ್ದೆ. ಮೊದಲು ಕೈ ತಪ್ಪಿದ್ದು ಹುಕ್ಸ್, ಕಾಜಾ. ಆಮೇಲೆ ಕತ್ತರಿ. ಆಮೇಲೆ ಮುದ್ದೆ ಕೋಲು. ಒಂದು ರಾತ್ರಿ ಹಿಟ್ಟು ಬೆಂದಿದೆ, ಕೋಲು ತಿರುವಲು ಮಣಿಕಟ್ಟಿನಲ್ಲಿ ಬಲವೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆ ದಿನದಿಂದ ಮುದ್ದೆ ತಿರುವುವುದು ನಮ್ಮ ಯಜಮಾನರು.

ಮೂರನೇ ವರ್ಷ ಒಂದು ಉಪವಾಸ ಪ್ರಾರ್ಥನೆಗೆ ಹೋಗಿದ್ದೆ. ಹೊರಗಿಂದ ಬಂದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಗಿದ ಮೇಲೆ, "ಮಾತ್ರೆ ನುಂಗ್ತಾ ಪ್ರಾರ್ಥನೆ ಮಾಡಿದರೆ ಅದು ಸಂಶಯ ಅಲ್ವಾ ಸಹೋದರಿ?" ಅಂದರು. ನಾನು ನುಂಗುತ್ತಿದ್ದದ್ದು ಮೆಥೊಟ್ರೆಕ್ಸೇಟ್, ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಮಾತ್ರೆ. ವಾರಕ್ಕೆ ಒಂದೇ ಸಲ, ಶುಕ್ರವಾರ ರಾತ್ರಿ. ನಿಲ್ಲಿಸಿಬಿಟ್ಟೆ. ಈ ಮಾತ್ರೆಯ ಗುಣ ಹತ್ತುವುದೂ ನಿಧಾನ, ಇಳಿಯುವುದೂ ನಿಧಾನ. ಹಾಗಾಗಿ ಕೆಲವು ವಾರ ಏನೂ ಆಗಲಿಲ್ಲ. ಸಭೆಯಲ್ಲಿ ಎದ್ದು ನಿಂತು, ದೇವರು ವಾಸಿ ಮಾಡಿದ ಅಂತ ಸಾಕ್ಷಿ ಹೇಳಿದೆ. ಎಲ್ಲರೂ ಸ್ತೋತ್ರ ಅಂದರು.

ಆರನೇ ವಾರ ಮೊಣಕಾಲು ಊದಿತು. ಬಚ್ಚಲಿಗೆ ಹೋಗಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಬಲಗೈಯ ಉಂಗುರದ ಬೆರಳು ಆಗ ಸೊಟ್ಟಗಾದದ್ದು ಮತ್ತೆ ನೆಟ್ಟಗಾಗಲಿಲ್ಲ. ಅದಕ್ಕಿಂತ ಜಾಸ್ತಿ ನೋಯಿಸಿದ್ದು ಒಂದು ಮಾತು. ನೋಡಲು ಬಂದವರೊಬ್ಬರು ಮಂಚದ ಪಕ್ಕ ಕೂತು, "ಏನಾದರೂ ಪಾಪ ಮುಚ್ಚಿಟ್ಟಿದ್ದೀಯಾ, ಯೋಚಿಸಿ ನೋಡು" ಅಂದರು. ನಿಜವಾಗಿಯೂ ಯೋಚಿಸಿದೆ. ರಾತ್ರಿಯೆಲ್ಲ ಯೋಚಿಸಿದೆ.

ಆ ತಿಂಗಳು ಬೈಬಲನ್ನು ಕಾಯಿಲೆಯವಳಾಗಿ ಓದಿದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದ್ದರು, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ. ಯೇಸು ಎರಡೂ ಅಲ್ಲ ಅಂದ. ಯೇಸುವನ್ನು ಊರೂರಿಗೆ ಸಾರಿದ ಪೌಲ, ತನ್ನ ಮೈಯಲ್ಲಿದ್ದ, ತಾನೇ ಮುಳ್ಳು ಅಂತ ಕರೆದ ಬಾಧೆಯನ್ನು ತೆಗೆಯಲು ಮೂರು ಸಲ ಬೇಡಿದ. ಸಿಕ್ಕಿದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಇವೆರಡು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ತ್ರೊಫಿಮ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ಸುಮ್ನೆ ಒಂದು ಮಾತು ಹೇಳುತ್ತಾನೆ: ತ್ರೊಫಿಮನಿಗೆ ಕಾಯಿಲೆಯಾಗಿತ್ತು, ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ. ಅಷ್ಟೇ. ಪೌಲನ ಮೈಗೆ ತಾಗಿದ ಬಟ್ಟೆಯಿಂದಲೇ ರೋಗ ವಾಸಿಯಾಯಿತು ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕದಲ್ಲಿದೆ. ಅಂಥ ಪೌಲನ ಜೊತೆಗಾರ ಕಾಯಿಲೆ ಬಿದ್ದು ಆ ಊರಲ್ಲೇ ಉಳಿದ. ಅವನ ನಂಬಿಕೆ ಸಾಲದು ಅಂತ ಪೌಲ ಒಂದಕ್ಷರ ಬರೆಯಲಿಲ್ಲ. ಆ ಸಾಲು ಓದಿ ತುಂಬಾ ದಿನದ ಮೇಲೆ ನೆಮ್ಮದಿಯಾಗಿ ಮಲಗಿದೆ.

ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ. ಶುಕ್ರವಾರದ ಮಾತ್ರೆ, ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಲಿವರ್ ನೋಡಲು ರಕ್ತ ಪರೀಕ್ಷೆ. ಈಗ ಮಾತ್ರೆಯನ್ನು ಕೈಯಲ್ಲಿ ಹಿಡಿದೇ ಪ್ರಾರ್ಥಿಸುತ್ತೇನೆ. ನಮ್ಮ ಊರಿನ ಇಟಿಸಿಎಂ ಆಸ್ಪತ್ರೆಯನ್ನು ನೂರು ವರ್ಷಕ್ಕೂ ಹಿಂದೆ ಕಟ್ಟಿದವರು ಮೆಥೋಡಿಸ್ಟ್ ಮಿಷನ್ನಿನವರು. ಪ್ರಾರ್ಥನೆ ಮಾಡುತ್ತಿದ್ದ ಜನರೇ ಅಲ್ವಾ ಅವರು?

ಹಾಗಾದರೆ ದೇವರು ಯಾಕೆ ವಾಸಿ ಮಾಡಿಲ್ಲ? ನನಗೆ ಗೊತ್ತಿಲ್ಲ. ಅವನಿಂದ ಆಗುತ್ತದೆ ಅಂತ ನಂಬುತ್ತೇನೆ, ಇವತ್ತಿಗೂ ಕೇಳುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ನೋವಿಗೆ ಎಚ್ಚರವಾಗುತ್ತದೆ. ಮನೆಯವರನ್ನು ಎಬ್ಬಿಸಲು ಮನಸ್ಸಾಗುವುದಿಲ್ಲ. ಆ ಹೊತ್ತಿನಲ್ಲಿ ಮಾತಾಡಲು ನನಗೆ ಅವನಿದ್ದಾನೆ. ಶಿಲುಬೆಯಲ್ಲಿ ಸತ್ತು ಎದ್ದು ಬಂದ ಮೇಲೂ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ. ನನ್ನ ಕೈ ನೋಡಿಕೊಂಡಾಗೆಲ್ಲ ಅದು ನೆನಪಾಗುತ್ತದೆ.

ಮೊದಲೆಲ್ಲ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ ನಾನು ಸಭೆಗೆ ಹೋಗುತ್ತಿರಲಿಲ್ಲ. ಮುಂದೆ ಹೋಗಿ ಮೊಣಕಾಲೂರಲು ಆಗುವುದಿಲ್ಲ, ಎಲ್ಲರ ಕಣ್ಣೂ ನನ್ನ ಮೇಲೆ. ಇದು ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಹೇಗೋ ತಿಳಿಯಿತು. ಒಂದು ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಿಡಿದು ನಾನು ಕೂತಿದ್ದ ಬೆಂಚಿಗೇ ಇಳಿದು ಬಂದರು. ಲೋಟವನ್ನು ನನ್ನ ತುಟಿಯವರೆಗೂ ತಾವೇ ಹಿಡಿದರು. ಈಗ ಆ ಬೆಂಚಿನಲ್ಲಿ ನಾವು ನಾಲ್ಕು ಜನ ಕೂರುತ್ತೇವೆ. ಅದರಲ್ಲಿ ಒಬ್ಬರು ಪಾರ್ಶ್ವವಾಯು ಹೊಡೆದ ಮೇಲೆ ಎರಡು ವರ್ಷ ಮನೆ ಬಿಟ್ಟೇ ಬಂದಿರಲಿಲ್ಲ.

ನನಗಾಗಿ ಪ್ರಾರ್ಥಿಸಲು ಬರುವವರು ದಯವಿಟ್ಟು ಬನ್ನಿ, ನನಗೆ ಬೇಕು. ಹನ್ನೊಂದು ಗಂಟೆ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಕೈಕಾಲು ಸಡಿಲವಾಗಿರುತ್ತದೆ. ಕೈ ಹಿಡಿದರೆ ಮೆತ್ತಗೆ ಹಿಡಿಯಿರಿ. ಆಮೆನ್ ಅಂದ ಮೇಲೆ ಎದ್ದು ಹೋಗಬೇಡಿ, ಸ್ವಲ್ಪ ಹೊತ್ತು ಕೂತಿರಿ.