ಅಂವಾ ನಮ್ಮ ಹಾಡೇ ಹಾಡ್ತಿದ್ದ

ಮೊನ್ನೆ ಭಾನುವಾರ ಗೆಳೆಯನ ಶ್ರದ್ಧಾಂಜಲಿ ಸಭೆ ಇತ್ತು. ಫೋಟೋಗೆ ಹಾರ ಹಾಕಿ, ಮೌನ ಮುಗಿದ ಮೇಲೆ ಹಿರಿಯರೊಬ್ಬರು ಮೈಕ್ ಹಿಡಿದರು. ಒಳ್ಳೆಯ ಮಾತೇ ಆಡಿದರು. ಕೊನೆಗೆ ಅಂದರು: "ಕಂಠ ಭಾಳ ಛಲೋ ಇತ್ತು. ಆದ್ರ ಇಂಗ್ಲಿಷ್ ಹಾಡಿನ ಹಿಂದ ಬಿದ್ದ. ನಮ್ಮ ಹಾಡು ಹಾಡಿದ್ರ ಎಲ್ಲೋ ಇರ್ತಿದ್ದ."

ನಾನು ಕೂತಲ್ಲಿಂದಲೇ ಹೇಳಿದೆ: "ಸರ್, ಅಂವಾ ನಮ್ಮ ಹಾಡೇ ಹಾಡ್ತಿದ್ದ." ಅವರು ನನ್ನ ಕಡೆ ನೋಡಿದರು, ತಲೆಯಾಡಿಸಿದರು, ಪಕ್ಕದವರಿಗೆ ಮೈಕ್ ಕೊಟ್ಟರು.

ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಊಟಕ್ಕೆ ಕೂತರೂ ಅದೇ, ಗಾಡಿ ಓಡಿಸುವಾಗಲೂ ಅದೇ. "ನಮ್ಮ ಹಾಡು ಹಾಡಿದ್ರ." ಆ ಹಿರಿಯರು ಕೆಟ್ಟವರಲ್ಲ. ಅವನ ಮಗಳ ಕಾಲೇಜು ಫೀಸು ಕಟ್ಟಿದವರು. ಆದರೆ ಗಣಪತಿ ಪೆಂಡಾಲಿನ ಮುಂದೆ ಒಂದು ರಾತ್ರಿ ನಿಂತು ಅವನನ್ನು ಕೇಳಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದ ಕಾಲ. ಓಣಿಗೊಂದು ಆರ್ಕೆಸ್ಟ್ರಾ. ಮೊದಲು ಭಕ್ತಿಗೀತೆ, ಆಮೇಲೆ ರಾಜಕುಮಾರ್, ಆಮೇಲೆ ಹಿಂದಿ. ರಾತ್ರಿ ಏರಿದ ಹಾಗೆ ಹುಡುಗರು ಕೂಗಲು ಶುರು ಮಾಡುತ್ತಿದ್ದರು, "ರಾಕ್ ಅಣ್ಣನ್ನ ಕರೀರಿ!" ಹಗಲೆಲ್ಲ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆದವನು ಅಂಗಿ ತೋಳು ಮಡಚಿಕೊಂಡು ಬರುತ್ತಿದ್ದ. ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರ್ರಿಯ 'ಜಾನಿ ಬಿ. ಗುಡ್' ಅವನ ಹಾಡು. 1958ರದು. ಓದು ಬರಹ ಅಷ್ಟಾಗಿ ಬಾರದ, ಗಿಟಾರ್ ಮಾತ್ರ ಸಲೀಸಾಗಿ ನುಡಿಸುವ ಹಳ್ಳಿ ಹುಡುಗನ ಕತೆ ಅದು. ಶುರು ಮಾಡುವ ಮೊದಲು ಜನರಿಗೆ ಹೇಳುತ್ತಿದ್ದ, "ನಮ್ಮ ಆಳಂದ ಕಡಿಯ ಹುಡುಗ ಅಂತ ತಿಳ್ಕೊಳ್ರಿ."

ಆಮೇಲೆ ಚಪ್ಪಾಳೆ ಕಲಿಸುತ್ತಿದ್ದ. "ಒಂದಕ್ಕ ಸುಮ್ಕಿರ್ರಿ, ಎರಡಕ್ಕ ಹೊಡೀರಿ. ಮೂರಕ್ಕ ಸುಮ್ಕಿರ್ರಿ, ನಾಕಕ್ಕ ಹೊಡೀರಿ." ರಾಕ್ ಅಂಡ್ ರೋಲ್‌ನ ಜೀವ ಇರುವುದೇ ಆ ಎರಡು, ನಾಲ್ಕರ ಪೆಟ್ಟಿನಲ್ಲಿ. ಇದನ್ನು ಯಾವ ಮೇಷ್ಟ್ರೂ ಅಷ್ಟು ಸುಲಭವಾಗಿ ಹೇಳಿಕೊಡಲಾರರು. ತರಕಾರಿ ಮಾರುವವರು, ಆಟೋದವರು, ಸೆರಗು ಹೊದ್ದು ಕೂತ ಅಜ್ಜಿಯರು, ಎಲ್ಲರ ಕೈಯೂ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು.

ಆ ಕಂಠ ಎಲ್ಲಿಂದ ಬಂತು? ಅವನ ಅಜ್ಜ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದವರು. ಅಮವಾಸ್ಯೆ ಭಜನೆಗೆ ಮೊಮ್ಮಗ ತಾಳ ಹಾಕಲು ಕೂರುತ್ತಿದ್ದ. ಖ್ವಾಜಾ ಬಂದೇ ನವಾಜ್ ಉರುಸ್ ಬಂದರೆ ಬೆಳಗಿನವರೆಗೆ ಕವ್ವಾಲಿ ಕೇಳಿಕೊಂಡು ಅಲ್ಲೇ ಇರುತ್ತಿದ್ದ. ಒಂದು ಸಾಲು ಹಿಡಿದು ಮತ್ತೆ ಮತ್ತೆ ಹಾಡಿ, ಪ್ರತಿ ಸಲ ಸ್ವಲ್ಪ ಮೇಲೇರಿಸಿ, ಕೇಳುವವರನ್ನು ಕುದಿಸಿಬಿಡುವುದನ್ನು ಅವನು ಕಲಿತದ್ದು ಅಲ್ಲಿ. ರಾಕ್ ಅಂಡ್ ರೋಲ್ ಬೆಳೆದ ಅಮೆರಿಕದ ಊರು ಮೆಂಫಿಸ್ ಎಲ್ಲಿದೆ ಅಂತಲೂ ಆಗ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಓದಿಕೊಂಡ. ರಾಕ್ ಅಂಡ್ ರೋಲ್ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಚಿಕ್ಕಂದಿನಲ್ಲಿ ಚರ್ಚ್ ಹಾಡು ಕೇಳುತ್ತಾ ಬೆಳೆದವನು, ಅಂಥದೇ ಇನ್ನೊಬ್ಬ ಹಾಡುಗಾರ ಲಿಟಲ್ ರಿಚರ್ಡ್ ಚರ್ಚಿನಲ್ಲೇ ಹಾಡಿ ಗಂಟಲು ಪಳಗಿಸಿದವನು. ಅವರಿಬ್ಬರಿಗಿಂತ ಮೊದಲೇ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅನ್ನುವ ಹೆಣ್ಣುಮಗಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡು ಹಾಡಿದ್ದಳು. ಇದನ್ನೆಲ್ಲ ತಿಳಿದ ದಿನ ರಾತ್ರಿ ನಮ್ಮ ಮನೆಗೆ ಓಡಿ ಬಂದಿದ್ದ. "ಏ ದೋಸ್ತ, ಎಲ್ವಿಸ್‌ನೂ ಭಜನಿಯಾಂವನೇ ನೋಡಲೇ!" ಆ ಖುಷಿ ನನಗೆ ಈಗಲೂ ಕಾಣುತ್ತದೆ. ಬಾಗಿಲಲ್ಲೇ ನಿಂತು ಹೇಳಿದ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಹಿರಿಯರಿಗೆ ಇನ್ನೊಂದು ಕೇಳಬೇಕು ಅನ್ನಿಸುತ್ತದೆ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತು. ಜಿ.ಕೆ. ವೆಂಕಟೇಶ್ ಸಂಗೀತ. ಅದರಲ್ಲಿ ಅಣ್ಣಾವ್ರು 'ಇಫ್ ಯೂ ಕಮ್ ಟುಡೇ' ಹಾಡಿದರು. ಅದನ್ನು ನಾವು ನಮ್ಮದು ಅಂತಲೇ ಇವತ್ತಿಗೂ ಹಾಡಿಕೊಳ್ಳುತ್ತೇವೆ, ಅಲ್ವಾ? ಹಾಗಿದ್ದ ಮೇಲೆ ಬೇಳೆ ಮಿಲ್ಲಿನ ಹುಡುಗ ಹಾಡಿದರೆ ಯಾಕೆ ಬೇರೆಯವರದಾಗುತ್ತದೆ?

ಸಭೆ ಮುಗಿದ ಮೇಲೆ ಅವನ ಮನೆಗೆ ಹೋಗಿದ್ದೆ. ವೈನಿ ಟ್ರಂಕಿನಿಂದ ಒಂದು ಲಾಂಗ್ ಬುಕ್ ತೆಗೆದುಕೊಟ್ಟರು. ಇಂಗ್ಲಿಷ್ ಹಾಡುಗಳೆಲ್ಲ ಕನ್ನಡ ಅಕ್ಷರದಲ್ಲಿ. ಉಸಿರು ತಗೊಳ್ಳುವ ಕಡೆ ಸಣ್ಣ ಗೆರೆ. ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ, "ಇಲ್ಲಿ ಜನರಿಗೆ ಬಿಡು." ಒಂದು ಹಾಳೆಯ ಹಿಂದೆ ತೊಗರಿ ಚೀಲಗಳ ಲೆಕ್ಕ. "ನನಗ ಒಂದೂ ತಿಳೀತಿರಲಿಲ್ಲ ಭಾವ, ಆದ್ರ ಹಾಡು ಎಲ್ಲಾ ಬಾಯಿಪಾಠ ಆಗ್ಯಾವ" ಅಂದರು ವೈನಿ. ದೊಡ್ಡ ಹೆಸರು ಅಂದರೆ ಏನು ಅಂತ ಯೋಚನೆ ಮಾಡುತ್ತಾ ಬಂದೆ. ಮುಂಬೈಗೆ ಹೋಗಬೇಕಿತ್ತಾ? ಟಿವಿಯಲ್ಲಿ ಬರಬೇಕಿತ್ತಾ? ಊರಿನ ಅಷ್ಟು ಜನ ಅವನನ್ನು ಅಣ್ಣ ಅಂದರಲ್ಲ. ಡಿಜೆ ಬಂದು ಆರ್ಕೆಸ್ಟ್ರಾ ಕೇಳುವವರು ಕಡಿಮೆಯಾದ ಮೇಲೂ ಅವನು ಬೇಜಾರಾಗಿ ಕೂರಲಿಲ್ಲ. ಮಿಲ್ಲಿನ ಹಮಾಲರಿಗೆ ಮಧ್ಯಾಹ್ನ ಊಟದ ಹೊತ್ತಲ್ಲಿ ಡಬ್ಬಿ ಬಡಿದು ಹಾಡುತ್ತಿದ್ದ.

ಈ ಸಲ ಗಣಪತಿಗೆ ಹಳಬರೆಲ್ಲ ಸೇರಿ ಹಾಡಬೇಕು ಅಂತ ಮಾತಾಗಿದೆ. ಡ್ರಮ್ಸ್‌ನವನು ಸೊಲ್ಲಾಪುರದಿಂದ ಬರುತ್ತಾನೆ. ಕೀಬೋರ್ಡಿನವನು ಈಗ ಔಷಧಿ ಅಂಗಡಿ ಇಟ್ಟಿದ್ದಾನೆ, ಅಂಗಡಿ ಮುಚ್ಚಿ ಬರುತ್ತೇನೆ ಅಂದ. ಕಷ್ಟ ಇರುವುದು ಶ್ರುತಿಯದು. ಅವನು ಹಾಡುತ್ತಿದ್ದ ಎತ್ತರ ನಮ್ಮಲ್ಲಿ ಯಾರಿಗೂ ಮುಟ್ಟುತ್ತಿಲ್ಲ. "ಸ್ವಲ್ಪ ಇಳಿಸಿ ಹಾಡಿದ್ರಾತು ಬಿಡು" ಅಂದ ಕೀಬೋರ್ಡಿನವನು. ಬೇಡ ಅಂದೆ. ಗಣಪತಿಗೆ ಇನ್ನೂ ಟೈಮ್ ಇದೆ, ಅದೇ ಶ್ರುತಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇವೆ.