ಕೊನೆಯ ಎರಡು ಅಧ್ಯಾಯಗಳು

ನಮ್ಮ ಶಾಲೆಯ ಗ್ರಂಥಾಲಯದಲ್ಲಿದ್ದ ‘ಡ್ರಾಕುಲಾ’ ಪುಸ್ತಕಕ್ಕೆ ಕೊನೆಯೇ ಇರಲಿಲ್ಲ. ಕಾದಂಬರಿಯಲ್ಲಿ ಇರುವುದು 27 ಅಧ್ಯಾಯ. ನಮ್ಮ ಪ್ರತಿ 25ಕ್ಕೇ ನಿಂತುಹೋಗುತ್ತಿತ್ತು. ಹೊಲಿಗೆ ಬಿಚ್ಚಿ ಮುಂದಿನ ಹಾಳೆಗಳು ಯಾವತ್ತೋ ಉದುರಿಹೋಗಿದ್ದವು. ನಾನಾಗ ಒಂಬತ್ತನೆಯ ತರಗತಿ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಎರಡು ತಿಂಗಳು ಒದ್ದಾಡಿ ಓದಿದ್ದೆ. ರಕ್ತ ಕುಡಿಯುವ ಪಿಶಾಚಿ ಕೌಂಟ್ ಡ್ರಾಕುಲಾ ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ಹಡಗಿನಲ್ಲಿ ತನ್ನ ನಾಡಿಗೆ ಓಡಿಹೋಗುತ್ತಿದ್ದಾನೆ, ಅವನನ್ನು ಮುಗಿಸಲು ಹೊರಟವರೆಲ್ಲ ಬೆನ್ನಟ್ಟಿದ್ದಾರೆ. ಪುಟ ತಿರುಗಿಸಿದರೆ ಬರೀ ರಟ್ಟು.

ಮರುದಿನ ಬೆಳಿಗ್ಗೆ ಇಂಗ್ಲಿಷ್ ಮೇಷ್ಟ್ರ ಹತ್ತಿರ ಓಡಿದೆ. “ಸರ್, ಕೊನೆಗೆ ಏನಾಗುತ್ತೆ?”

ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಬಿಚ್ಚಿಹೋದ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದರು. “ನಾನು ಹೇಳಲ್ಲ ಕಣಮ್ಮಾ. ನೀನೇ ಓದಬೇಕು. ಓದಿದ ಮೇಲೆ ಬಂದು ನನಗೆ ಹೇಳು.”

ನನಗೆ ಅಳು ಬಂದಿತ್ತು. ಆದರೆ ರಕ್ತಪಿಶಾಚಿಗಳ ಕತೆಗಳ ಹಿಂದೆ ನಾನು ಇಷ್ಟು ವರ್ಷ ಬಿದ್ದಿರುವುದಕ್ಕೆ ಆ ಖಾಲಿ ರಟ್ಟೇ ಕಾರಣ ಅಂತ ಈಗ ಅನಿಸುತ್ತದೆ.

ಕೊನೆ ಸಿಗದಿದ್ದಾಗ ನಾನೇ ಒಂದು ಕೊನೆ ಕಟ್ಟಿಕೊಂಡೆ. ಬೆಳಗಿನ ಬಿಸಿಲು ಪೆಟ್ಟಿಗೆಯ ಮೇಲೆ ಬೀಳುತ್ತದೆ, ಡ್ರಾಕುಲಾ ಉರಿದು ಬೂದಿಯಾಗುತ್ತಾನೆ. ಗೆಳತಿಯರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದೆ. ಅದು ಮೇಷ್ಟ್ರ ಕಿವಿಗೂ ಬಿತ್ತು. “ಬಿಸಿಲು ಬಿದ್ದರೆ ಅವನು ಸಾಯ್ತಾನೆ ಅಂತ ಪುಸ್ತಕದಲ್ಲಿ ಎಲ್ಲಿದೆ? ತೋರಿಸು,” ಅಂದರು.

ಒಂದು ವಾರ ಹುಡುಕಿದೆ. ಸಿಕ್ಕಿದ್ದು ತದ್ವಿರುದ್ಧ. ಅವನನ್ನು ಬೆನ್ನಟ್ಟಿದವರಲ್ಲಿ ಒಬ್ಬಳಾದ ಮೀನಾಳ ಸೆಪ್ಟೆಂಬರ್ 22ರ ದಿನಚರಿಯಲ್ಲಿ ಡ್ರಾಕುಲಾ ಲಂಡನ್ನಿನ ಪಿಕಡಿಲಿ ರಸ್ತೆಯಲ್ಲಿ ಹಾಡಹಗಲೇ ನಿಂತಿದ್ದಾನೆ! ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೆ. ಸುಡುವುದಿಲ್ಲ, ಬೂದಿಯಾಗುವುದಿಲ್ಲ. ಆ ಪುಟಕ್ಕೆ ಬೆರಳಿಟ್ಟುಕೊಂಡು ಸ್ಟಾಫ್ ರೂಮಿಗೆ ಹೋದೆ. ಮೇಷ್ಟ್ರು ಓದಿ, “ಸರಿ,” ಅಂದರು. ಅಷ್ಟೇ ಅಂದದ್ದು. ಆ ‘ಸರಿ’ ಸಿಕ್ಕಿದ ದಿನ ನಾನು ಊಟ ಮಾಡುವುದನ್ನೂ ಮರೆತಿದ್ದೆ.

ಹಾಗಾದರೆ ಬಿಸಿಲಿನ ಸಾವು ಎಲ್ಲಿಂದ ಬಂತು? ಇದು ತಿಳಿದದ್ದು ಎಷ್ಟೋ ವರ್ಷಗಳ ನಂತರ. 1922ರಲ್ಲಿ ಜರ್ಮನಿಯಲ್ಲಿ ಮುರ್ನೌ ಎಂಬ ನಿರ್ದೇಶಕರು ‘ನೊಸ್ಫೆರಾಟು’ ಎಂಬ ಮೂಕಿ ಚಿತ್ರ ಮಾಡಿದರು. ಕತೆ ಡ್ರಾಕುಲಾದ್ದೇ. ಅನುಮತಿ ಪಡೆದಿರಲಿಲ್ಲ, ಹೆಸರುಗಳನ್ನು ಮಾತ್ರ ಬದಲಿಸಿದ್ದರು. ಅದರಲ್ಲಿ ಪಿಶಾಚಿ ಮುಂಜಾವಿನ ಬೆಳಕಿಗೆ ಕರಗಿಹೋಗುತ್ತದೆ. ಕಾದಂಬರಿಕಾರ ಬ್ರಾಮ್ ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಫ್ಲಾರೆನ್ಸ್ ಬಿಡಲಿಲ್ಲ, ಕೋರ್ಟಿಗೆ ಹೋದರು. ಚಿತ್ರದ ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕು ಅಂತ 1925ರಲ್ಲಿ ತೀರ್ಪಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. ಅಳಿಸಿಹೋಗಬೇಕಿದ್ದ ಆ ಚಿತ್ರದ ಕೊನೆಯೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಲೆಯೊಳಕ್ಕೂ ಬಂದು ಕೂತಿತ್ತು. ನಾನು ಆ ಚಿತ್ರವನ್ನು ಆಗ ನೋಡಿಯೂ ಇರಲಿಲ್ಲ.

ಡ್ರಾಕುಲಾ ಅಂದರೆ ಕಣ್ಣಿಗೆ ಕಟ್ಟುವ ಎತ್ತರದ ಕಾಲರಿನ ಕಪ್ಪು ನಿಲುವಂಗಿಯೂ ಹಾಗೆಯೇ. ಅದು ರಂಗಮಂಚದಿಂದ ಬಂದದ್ದು. ಸ್ಟೋಕರ್ ಬರೆದ ಡ್ರಾಕುಲಾ ಮೊದಲು ಕಾಣಿಸುವಾಗ ಬಿಳಿ ಮೀಸೆಯ ಮುದುಕ. ಅಂಗೈಯಲ್ಲಿ ಕೂದಲು. ರಕ್ತ ಕುಡಿದಂತೆಲ್ಲ ಪ್ರಾಯ ಹಿಂದಕ್ಕೆ ಹೋಗುತ್ತದೆ, ಮೀಸೆ ಕಪ್ಪಾಗುತ್ತದೆ. ನನಗೆ ಸಿನಿಮಾದವನಿಗಿಂತ ಈ ಮುದುಕನೇ ಜಾಸ್ತಿ ಭಯ ಹುಟ್ಟಿಸುತ್ತಾನೆ.

ಸ್ಟೋಕರ್ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ವ್ಯವಸ್ಥಾಪಕರಾಗಿದ್ದರು. ಆ ಕೆಲಸದ ನಡುವೆಯೇ ಏಳು ವರ್ಷ ಟಿಪ್ಪಣಿ ಮಾಡಿಕೊಂಡರು. ಕಾದಂಬರಿ ಬಂದದ್ದು 1897ರ ಮೇ ತಿಂಗಳಲ್ಲಿ. ಮೊದಲು ಪಿಶಾಚಿಗೆ ಅವರು ಇಟ್ಟಿದ್ದ ಹೆಸರು ‘ಕೌಂಟ್ ವ್ಯಾಂಪಿರ್’. 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲತೀರದ ಊರಿಗೆ ಹೋದಾಗ, ಅಲ್ಲಿನ ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ‘ಡ್ರಾಕುಲಾ’ ಎಂಬ ಹೆಸರು ಕಣ್ಣಿಗೆ ಬಿತ್ತು. ಡ್ರಾಕುಲಾನ ನಾಡಾದ ಟ್ರಾನ್ಸಿಲ್ವೇನಿಯಾಕ್ಕೆ ಅವರು ಒಂದು ಸಲವೂ ಹೋಗಿದ್ದವರಲ್ಲ. ಆ ಬೆಟ್ಟ, ಆ ತೋಳಗಳು, ಆ ಕೋಟೆ ಎಲ್ಲವನ್ನೂ ಪುಸ್ತಕಗಳಿಂದ ಹೆಕ್ಕಿ ಕಟ್ಟಿದರು. ಇದನ್ನು ಓದಿದಾಗ ನಮ್ಮ ಗ್ರಂಥಾಲಯದ ಕಿಟಕಿ ಪಕ್ಕದ ಉದ್ದನೆಯ ಬೆಂಚು ನೆನಪಾಯಿತು. ನಾನು ಟ್ರಾನ್ಸಿಲ್ವೇನಿಯಾ ನೋಡಿದ್ದೂ ಅಲ್ಲೇ ಕೂತು, ಅಲ್ವಾ?

ಕಾದಂಬರಿಯ ಬರವಣಿಗೆಯ ರೀತಿ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ಕತೆ ಹೇಳುವವರು ಒಬ್ಬರಲ್ಲ. ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕು, ಹಡಗಿನ ಕ್ಯಾಪ್ಟನ್ ಬರೆದಿಟ್ಟ ದಾಖಲೆ. ಡಾಕ್ಟರ್ ಸೀವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಮಾತಾಡಿ ದಾಖಲಿಸುತ್ತಾನೆ. ಮೀನಾ ಇವನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಟೈಪ್ ಮಾಡುತ್ತಾಳೆ. ಪಿಶಾಚಿಯನ್ನು ಹಿಡಿಯುವ ದಾರಿ ತೆರೆದುಕೊಳ್ಳುವುದು ಆ ಕಾಗದಗಳ ಕಟ್ಟಿನಿಂದಲೇ. ಮೇಷ್ಟ್ರು ನನ್ನಿಂದ ತಾರೀಕುಗಳ ಪಟ್ಟಿ ಮಾಡಿಸಿದರು. ಯಾರು ಯಾವತ್ತು ಎಲ್ಲಿದ್ದರು, ಯಾರಿಗೆ ಏನು ಗೊತ್ತಿತ್ತು, ಎಲ್ಲ ಬರೆದೆ. ಪಟ್ಟಿ ನೋಡಿ ಅವರು ಒಂದು ಪ್ರಶ್ನೆ ಕೇಳಿದರು. “ಎಲ್ಲರ ಮಾತೂ ಇಲ್ಲಿದೆ. ಅವನ ದಿನಚರಿ ಎಲ್ಲಿ?”

ನಾನು ಸುಮ್ನೆ ನಿಂತಿದ್ದೆ. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹತ್ತನೆಯ ತರಗತಿಯಲ್ಲಿ ಅವರು ತಮ್ಮದೇ ಪುಸ್ತಕವೊಂದನ್ನು ಕೊಟ್ಟರು. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’. 1872ರಲ್ಲಿ ಮುಗಿದ ಕತೆ, ಡ್ರಾಕುಲಾಗಿಂತ 25 ವರ್ಷ ಹಳೆಯದು. ನನ್ನನ್ನು ಕೇಳಿದರೆ ಡ್ರಾಕುಲಾಗಿಂತ ಒಂದು ಕೈ ಮೇಲೆ. ಸ್ಟಿರಿಯಾ ಎಂಬ ಕಡೆ ಕಾಡಿನ ನಡುವೆ ಒಂದು ಕೋಟೆ. ತಾಯಿಯಿಲ್ಲದ ಲಾರಾ ಅಲ್ಲಿ ತಂದೆಯ ಜೊತೆ ಇದ್ದಾಳೆ. ಗೆಳತಿಯೊಬ್ಬಳು ಬೇಕು ಅಂತ ಹಂಬಲಿಸುತ್ತಿದ್ದಾಳೆ. ಒಂದು ಬೆಳದಿಂಗಳ ರಾತ್ರಿ ಕೋಟೆಯ ಎದುರು ಗಾಡಿಯೊಂದು ಉರುಳುತ್ತದೆ. ಅದರೊಳಗಿನ ಹುಡುಗಿ ಇವರ ಮನೆಯಲ್ಲೇ ಉಳಿಯುತ್ತಾಳೆ. ಅವಳ ಮುಖ ನೋಡಿದರೆ, ಲಾರಾ ಚಿಕ್ಕವಳಿದ್ದಾಗ ಒಂದು ರಾತ್ರಿ ಹಾಸಿಗೆ ಪಕ್ಕ ಕಂಡ ಮುಖವೇ. ಕಾರ್ಮಿಲ್ಲಾ ಲಾರಾಳನ್ನು ಕೊಲ್ಲುತ್ತಲೂ ಇದ್ದಾಳೆ, ಪ್ರೀತಿಸುತ್ತಲೂ ಇದ್ದಾಳೆ. ಎರಡೂ ನಿಜ. ಒಂದನ್ನು ಬಿಡಿಸಿದರೆ ಇನ್ನೊಂದು ಉಳಿಯುವುದಿಲ್ಲ. ಕೊನೆಗೆ ಅವಳನ್ನು ಗೋರಿಯಿಂದ ತೆಗೆದು ನಾಶ ಮಾಡುತ್ತಾರೆ. ಆದರೆ ಎಷ್ಟೋ ವರ್ಷಗಳ ಮೇಲೂ ಲಾರಾಗೆ ಒಮ್ಮೊಮ್ಮೆ ಬಾಗಿಲ ಬಳಿ ಕಾರ್ಮಿಲ್ಲಾಳ ಹಗುರ ಹೆಜ್ಜೆ ಕೇಳಿದ ಹಾಗಾಗುತ್ತದೆ. ಅಲ್ಲಿಗೆ ಕತೆ ಮುಗಿಯುತ್ತದೆ. ಆ ಹೆಜ್ಜೆ ಕೇಳಿದಾಗ ಲಾರಾಗೆ ಭಯವಾಯಿತಾ, ಸಂತೋಷವಾಯಿತಾ? ನಾನು ಮತ್ತು ನನ್ನ ಪಕ್ಕದ ಬೆಂಚಿನ ಗೆಳತಿ ಇದರ ಬಗ್ಗೆ ಮಾತಾಡಿದ್ದಕ್ಕೆ ಲೆಕ್ಕವಿಲ್ಲ.

ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೋದೆ. 1845ರಿಂದ ಎರಡು ವರ್ಷ ಕಂತುಕಂತಾಗಿ ಬಂದ ‘ವಾರ್ನಿ’ ಎಂಬ ಪಿಶಾಚಿ ಕತೆ ಬಹಳ ಉದ್ದ, ಎಷ್ಟೋ ಕಡೆ ಎಳೆದಾಟ. ಆದರೂ ಅದರ ಪಿಶಾಚಿ ತನ್ನ ಬಾಳು ತನಗೇ ಸಾಕಾಗಿ ವೆಸೂವಿಯಸ್ ಜ್ವಾಲಾಮುಖಿಗೆ ಹಾರುವುದನ್ನು ಮರೆಯಲಾಗುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದವರು ಜಾನ್ ಪೊಲಿಡೊರಿ. 19ನೆಯ ವಯಸ್ಸಿಗೇ ಎಡಿನ್‌ಬರೋದಲ್ಲಿ ಡಾಕ್ಟರ್ ಆದವರು. ನಿದ್ದೆಯಲ್ಲಿ ನಡೆಯುವುದರ ಬಗ್ಗೆ ಪ್ರಬಂಧ ಬರೆದವರು. ಕವಿ ಬೈರನ್ನರ ಖಾಸಗಿ ವೈದ್ಯರಾಗಿ 1816ರಲ್ಲಿ ಜಿನೀವಾ ಸರೋವರದ ಹತ್ತಿರದ ಡಿಯೊಡಾಟಿ ಬಂಗಲೆಗೆ ಹೋದರು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಪರಿಣಾಮವಾಗಿ ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಬರೀ ಮಳೆ, ಚಳಿ. ಹೊರಗೆ ಹೋಗಲಾಗದೆ ಎಲ್ಲರೂ ದೆವ್ವದ ಕತೆಗಳನ್ನು ಓದುತ್ತಾ ಕೂತರು. ನಾವೂ ಒಂದೊಂದು ಬರೆಯೋಣ ಅಂದರು ಬೈರನ್. ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಅಲ್ಲೇ. ಬೈರನ್ ಅರ್ಧಕ್ಕೆ ಬಿಟ್ಟ ತುಣುಕನ್ನು ಹಿಡಿದು ಪೊಲಿಡೊರಿ ‘ದಿ ವ್ಯಾಂಪೈರ್’ ಬರೆದರು. ಅದುವರೆಗೆ ಜನ ಹೇಳುತ್ತಿದ್ದ ರಕ್ತಪಿಶಾಚಿ ಹಳ್ಳಿಯ ಗೋರಿಯಿಂದ ಎದ್ದು ಬರುವ ಊದಿದ ಹೆಣ. ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಿ, ದೊಡ್ಡವರ ಮನೆಯ ಔತಣಕ್ಕೆ ಕರೆತಂದವರು ಪೊಲಿಡೊರಿ. ಆದರೆ 1819ರಲ್ಲಿ ಕತೆ ಅಚ್ಚಾದಾಗ ಬೈರನ್ ಹೆಸರು ಹಾಕಿದ್ದರು. ಬೈರನ್ ತನ್ನದಲ್ಲ ಅಂದರು, ಪೊಲಿಡೊರಿ ನನ್ನದು ಅಂದರು, ಆದರೂ ಆ ತಪ್ಪು ಬಹಳ ಕಾಲ ಉಳಿಯಿತು. ಎರಡು ವರ್ಷಕ್ಕೆ ಪೊಲಿಡೊರಿ ತೀರಿಕೊಂಡರು. ಆಗ ಅವರಿಗೆ ಬರೀ 25. ಅವರ ಹೆಸರನ್ನು ಒಂದು ಕಡೆಯಾದರೂ ಸರಿಯಾಗಿ ಬರೆಯಬೇಕು ಅಂತ ಯಾವತ್ತಿನಿಂದಲೋ ಆಸೆಯಿತ್ತು. ಶಾಲೆಯ ಪತ್ರಿಕೆಗಿಂತ ಒಳ್ಳೆಯ ಜಾಗ ಬೇಕೆ?

ನಾನು ಈಗ ರಕ್ತನಿಧಿಯಲ್ಲಿ ಕೆಲಸ ಮಾಡುತ್ತೇನೆ. ದಿನವೂ ಗ್ರೂಪಿಂಗ್, ಕ್ರಾಸ್ ಮ್ಯಾಚ್. ಅಂದರೆ ರಕ್ತದ ಗುಂಪು ನೋಡುವುದು, ಕೊಡುವವರ ರಕ್ತ ಪಡೆಯುವವರಿಗೆ ಹೊಂದುತ್ತದಾ ಅಂತ ಪರೀಕ್ಷಿಸುವುದು. ಡ್ರಾಕುಲಾದಲ್ಲಿ, ಪಿಶಾಚಿ ರಕ್ತ ಹೀರಿದ ಮೀನಾಳ ಗೆಳತಿ ಲೂಸಿಯನ್ನು ಉಳಿಸಿಕೊಳ್ಳಲು ನಾಲ್ಕು ಗಂಡಸರು ಒಬ್ಬರಾದ ಮೇಲೊಬ್ಬರು ರಕ್ತ ಕೊಡುತ್ತಾರೆ, ಅದೂ ಎರಡು ವಾರದೊಳಗೆ. ಯಾರೂ ಗ್ರೂಪ್ ನೋಡುವುದಿಲ್ಲ. ನೋಡುವ ಹಾಗೂ ಇರಲಿಲ್ಲ. ವಿಜ್ಞಾನಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ್ದು 1901ರಲ್ಲಿ, ಕಾದಂಬರಿ ಬಂದು ನಾಲ್ಕು ವರ್ಷದ ಮೇಲೆ. ಶಾಲೆಯಲ್ಲಿ ಆ ಪುಟಗಳನ್ನು ಓದುವಾಗ ಲೂಸಿ ಬದುಕಲಿ ಅಂತ ಬೇಡಿಕೊಂಡಿದ್ದೆ. ಈಗ ಓದಿದರೆ ಪ್ರತಿ ಸಲ ಸೂಜಿ ಚುಚ್ಚುವಾಗಲೂ ಎದೆ ಝಲ್ಲೆನ್ನುತ್ತದೆ. ಪಿಶಾಚಿಯಿಂದ ಮಾತ್ರವಲ್ಲ, ಪ್ರೀತಿಯಿಂದ ಕೊಟ್ಟ ರಕ್ತದಿಂದಲೂ ಅವಳ ಜೀವಕ್ಕೆ ಅಪಾಯವಿತ್ತು. ಪಾಪ, ಆ ನಾಲ್ವರಿಗೆ ಅದು ಗೊತ್ತೇ ಇರಲಿಲ್ಲ.

ಕೊನೆಯ ಎರಡು ಅಧ್ಯಾಯ ನನಗೆ ಸಿಕ್ಕಿದ್ದು ಕಾಲೇಜಿನ ಎರಡನೆಯ ವರ್ಷದಲ್ಲಿ. ನಿಂತುಕೊಂಡೇ ಓದಿದೆ. ಬೆಳಗಿನ ಬಿಸಿಲೂ ಇಲ್ಲ, ಸಿನಿಮಾಗಳಲ್ಲಿ ಪಿಶಾಚಿಯ ಎದೆಗೆ ಹೊಡೆಯುವ ಮರದ ಗೂಟವೂ ಇಲ್ಲ. ಹಿಮ ಬೀಳುತ್ತಿದೆ, ಸೂರ್ಯ ಮುಳುಗುತ್ತಿದ್ದಾನೆ. ಮುಳುಗಿದರೆ ಡ್ರಾಕುಲಾನ ಶಕ್ತಿ ಮರಳುತ್ತದೆ. ಪೆಟ್ಟಿಗೆಯ ಮುಚ್ಚಳ ಕಿತ್ತು, ಮೀನಾಳ ಗಂಡ ಜೊನಾಥನ್ ಕುಕ್ರಿ ಎಂಬ ಬಾಗಿದ ಕತ್ತಿಯಿಂದ ಕತ್ತು ಕೊಯ್ಯುತ್ತಾನೆ, ಜೊತೆಗಾರ ಕ್ವಿನ್ಸಿ ಮಾರಿಸ್ ಎದೆಗೆ ಚೂರಿ ಇರಿಯುತ್ತಾನೆ. ಒಂದು ಉಸಿರಿನಷ್ಟರಲ್ಲಿ ದೇಹ ಪುಡಿಪುಡಿ. ಮೇಷ್ಟ್ರಿಗೆ ಹೇಳಬೇಕು ಅಂತ ಶಾಲೆಗೆ ಹೋದೆ. ಅವರು ನಿವೃತ್ತಿಯಾಗಿ ಬೇರೆ ಊರಿಗೆ ಹೋಗಿದ್ದರು.

ಮತ್ತೆ ಅವರು ಸಿಕ್ಕಿದ್ದು ಕಳೆದ ವರ್ಷ. ಕಣ್ಣು ಪೂರಾ ಮಂಜಾಗಿದೆ, ಓದಲು ಆಗುವುದಿಲ್ಲ. ನನ್ನ ಹೆಸರು ಹೇಳಿದೆ. “ಓದಿದೆಯಾ?” ಅಂದರು. ಬೇರೆ ಏನನ್ನೂ ಕೇಳಲಿಲ್ಲ.

ಹಿಮ, ಸೂರ್ಯ, ಕುಕ್ರಿ, ಚೂರಿ ಎಲ್ಲ ಹೇಳಿದೆ. ಅವರು ತಲೆ ಆಡಿಸುತ್ತಾ ಕೇಳಿದರು. ಆಮೇಲೆ, “ಅವನ ಮುಖ ಹೇಗಿತ್ತು ಅಂತ ಬರೆದಿದೆ?” ಅಂದರು.

ನನಗೆ ನೆನಪಾಗಲಿಲ್ಲ. ಎಷ್ಟು ಸಲ ಓದಿದ್ದೇನೋ, ಪ್ರತಿ ಸಲವೂ ಸೂರ್ಯ ಮುಳುಗುವ ಮೊದಲು ಮುಗಿಯಲಿ ಅನ್ನುವ ಅವಸರ. ಅವರಿಗೆ ಓದಿ ಹೇಳಬೇಕು ಅಂತ ಪುಸ್ತಕ ಚೀಲದಲ್ಲಿ ತಂದಿದ್ದೆ. ತೆಗೆದು ಹುಡುಕಿದೆ. ಇಲ್ಲೂ ಮಾತು ಮೀನಾಳದ್ದೇ. ಅವನ ಕಚ್ಚಿನಿಂದ ತಾನೇ ಅರ್ಧ ಸತ್ತಿದ್ದವಳು. ಆ ನೋವಿನಲ್ಲೂ, ಎಲ್ಲರಿಗಿಂತ ಹೆಚ್ಚು ದುಃಖಿ ಅವನೇ, ಅವನ ಮೇಲೂ ಕರುಣೆ ಇರಲಿ ಅಂತ ಗಂಡನಿಗೆ ಹೇಳಿದ್ದವಳು. ಅವಳು ಬರೆಯುತ್ತಾಳೆ: ಕರಗಿಹೋಗುವ ಆ ಗಳಿಗೆಯಲ್ಲಿ ಅವನ ಮುಖದಲ್ಲಿ ಶಾಂತಿ ಇತ್ತು, ಅಂಥ ಶಾಂತಿ ಅಲ್ಲಿ ಇರಬಹುದು ಅಂತ ನಾನು ಊಹಿಸಿಯೂ ಇರಲಿಲ್ಲ.

ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇನ್ನೊಂದು ಸಲ ಓದಮ್ಮಾ,” ಅಂದರು.