ಕನ್ನಡಕ ಹಾಕಿಕೊಂಡೇ ಮಲಗಿದ್ದ ಬಾಯಿಯವರು

ಕಾರವಾರ, 15 ಫೆಬ್ರವರಿ 2025, ಶನಿವಾರ

ಪಕ್ಕದ ಮನೆಯ ಕ್ರೈಸ್ತ ಅಜ್ಜಿಯನ್ನು, ನಾವೆಲ್ಲ ಗೌರವದಿಂದ ‘ಬಾಯಿ’ ಎಂದು ಕರೆಯುತ್ತಿದ್ದವರನ್ನು, ಇಂದು ಸಂಜೆ ಮಣ್ಣು ಮಾಡಿ ಬಂದೆವು. ಬುಧವಾರ ನಸುಕಿನಲ್ಲಿ ತೀರಿಕೊಂಡಿದ್ದರು. ಹಿರಿಯ ಮಗ ಕುವೈತಿನಿಂದ ಬಂದು ಮುಟ್ಟುವ ತನಕ ದೇಹವನ್ನು ಬಾಡಿಗೆಯ ಫ್ರೀಜರ್ ಪೆಟ್ಟಿಗೆಯಲ್ಲಿ ಇರಿಸಿ ಕಾಯಬೇಕಾಯಿತು. ಇಪ್ಪತ್ತೆರಡು ವರ್ಷ ಒಂದೇ ಬೇಲಿಯ ಆಚೀಚೆ ಬದುಕಿದವರು ನಾವು. ಚೌತಿಗೆ ನಮ್ಮಲ್ಲಿಂದ ಪಂಚಕಜ್ಜಾಯ ಹೋಗುತ್ತಿತ್ತು, ಕ್ರಿಸ್‌ಮಸ್ಸಿಗೆ ಅವರಲ್ಲಿಂದ ನೇವರಿಯೂ ದೋದೋಲೂ ಬರುತ್ತಿತ್ತು. ಆದರೂ ಅವರ ಮುಖ ನೋಡಲು ಒಳಗೆ ಹೋಗಬೇಕೋ ಬೇಡವೋ ಎಂದು ಬುಧವಾರದಿಂದಲೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯದೆ ಇರಲಾರೆ.

ಸತ್ತವರ ಮುಖ ನೋಡುವುದನ್ನು ನಾನು ಐವತ್ತು ವರ್ಷಗಳಿಂದ ತಪ್ಪಿಸಿಕೊಂಡು ಬಂದವನು. ಸಾವಿನ ಮನೆಗೆ ಹೋಗದೆ ಇರುವುದಿಲ್ಲ. ಎಲ್ಲರಿಗಿಂತ ಮುಂಚೆ ಹೋಗುತ್ತೇನೆ, ಕಟ್ಟಿಗೆಯ ವ್ಯವಸ್ಥೆ ಮಾಡಿಸುತ್ತೇನೆ, ದೂರದವರಿಗೆ ಫೋನು ಮಾಡುತ್ತೇನೆ, ಅಂಗಳದಲ್ಲಿ ಕುರ್ಚಿ ಹಾಕಿಸುತ್ತೇನೆ. ಇಷ್ಟೆಲ್ಲ ಓಡಾಡುವವನು ಒಳಗೆ ಹೋಗಿ ಮುಖ ನೋಡಿದನೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ ಎಂಬುದು ನಾನು ಕಂಡುಕೊಂಡ ಉಪಾಯ.

ಇದರ ಮೂಲ 1972ರಲ್ಲಿದೆ. ಶಿರಸಿಯ ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಜಗಲಿಯಲ್ಲಿ ದರ್ಭೆ ಹಾಸಿ, ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟು, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದರು. ಅಷ್ಟನ್ನೂ ನಾನು ಕುತೂಹಲದಿಂದಲೇ ನೋಡಿದ್ದೆ. ಆದರೆ ತೋಟದಾಚೆಯ ಬೆಟ್ಟದಲ್ಲಿ, ಚಿತೆಯ ಮೇಲೆ ಮಲಗಿಸಿದ ಮೇಲೆ ಮೊಮ್ಮಕ್ಕಳೆಲ್ಲ ಬಾಯಿಗೆ ಅಕ್ಕಿಕಾಳು ಹಾಕಬೇಕೆಂದಾಗ, ದೊಡ್ಡಪ್ಪ ನನ್ನ ಕೈ ಹಿಡಿದು ಬಗ್ಗಿಸಿದರು, ನನ್ನ ಬೆರಳು ಅಜ್ಜಿಯ ತುಟಿಗೆ ತಗುಲಿತು. ಆ ತುಟಿ ತಣ್ಣಗಿದ್ದುದಕ್ಕಿಂತ ಹೆಚ್ಚಾಗಿ ಅದು ಒತ್ತಿದರೂ ಬಗ್ಗದೆ ಇದ್ದುದು ನನ್ನನ್ನು ಹೆದರಿಸಿತು. ಸತ್ತ ದೇಹ ಸೆಟೆದುಕೊಳ್ಳುವುದು ಕಣ್ಣುರೆಪ್ಪೆ ಮತ್ತು ದವಡೆಗಳಿಂದ ಮೊದಲಾಗುತ್ತದೆ, ಕೆಲವೇ ಗಂಟೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಒಂದೆರಡು ದಿನಗಳಲ್ಲಿ ತಾನಾಗಿ ಸಡಿಲುತ್ತದೆ ಎಂದು ದೊಡ್ಡವನಾದ ಮೇಲೆ ಓದಿದೆ. ಓದಿದ್ದು ಬೆರಳಿಗೆ ತಿಳಿಯಲಿಲ್ಲ. ಇಂದಿಗೂ ಅಜ್ಜಿ ಎಂದರೆ ಅವಳ ತಂಬುಳಿಗಿಂತ, ಅವಳು ಹೇಳುತ್ತಿದ್ದ ಕತೆಗಳಿಗಿಂತ ಮೊದಲು ನೆನಪಾಗುವುದು ಆ ತುಟಿ. ಇದು ಅಜ್ಜಿಗೆ ಆದ ಅನ್ಯಾಯ ಎಂದೇ ನನ್ನ ಭಾವನೆ.

ಅಪ್ಪಯ್ಯ ಹೋದದ್ದು 2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನಿಂದ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಮಾರ್ಗಸೂಚಿಯ ಪ್ರಕಾರ ಸಿಬ್ಬಂದಿಯವರು ಚೀಲದ ಜಿಪ್ಪನ್ನು ಮುಖದಷ್ಟು ತೆರೆದು ಮನೆಯವರಿಗೆ ಒಮ್ಮೆ ತೋರಿಸಬಹುದಾಗಿತ್ತು. ಮುಟ್ಟುವಂತಿಲ್ಲ, ಸ್ನಾನ ಮಾಡಿಸುವಂತಿಲ್ಲ, ಅಪ್ಪಿಕೊಳ್ಳುವಂತಿಲ್ಲ. ಎಷ್ಟೋ ಕಡೆ ಅಷ್ಟು ಅವಕಾಶವೂ ಸಿಗದೆ ಜನರು ಆಸ್ಪತ್ರೆಗಳ ಗೇಟಿನ ಹೊರಗೆ ಅತ್ತು ಮರಳಿದ ಕಾಲ ಅದು. ನಮಗೆ ಸಿಕ್ಕಿತು. "ಯಾರಾದರೂ ಇಬ್ಬರು ಬನ್ನಿ" ಎಂದು ಒಬ್ಬ ಹುಡುಗ ಕರೆದ. ತಂಗಿ ಹೋದಳು, ನಾನು ಆಂಬುಲೆನ್ಸಿನ ಚಾಲಕನ ಹತ್ತಿರ ಏನೋ ಕಾಗದದ ವಿಷಯ ಮಾತಾಡುತ್ತ ನಿಂತೆ. ಮಾತಾಡುವಂಥದ್ದು ಏನೂ ಇರಲಿಲ್ಲ. ಹೊರಗೆ ಬಂದ ತಂಗಿ, ಅಪ್ಪಯ್ಯ ನಿದ್ದೆ ಮಾಡಿದ ಹಾಗೆ ಇದ್ದ, ಮುಖ ಶಾಂತವಾಗಿತ್ತು ಎಂದಳು. ಆ ಒಂದು ಮಾತಿನ ಮೇಲೆ ನಾನು ನಾಲ್ಕು ವರ್ಷ ನೆಮ್ಮದಿಯಾಗಿದ್ದೇನೆ.

ಬಾಯಿಯವರಿಗೆ ನನ್ನ ಈ ಹೆದರಿಕೆ ಗೊತ್ತಿತ್ತು. ಹೋದ ಡಿಸೆಂಬರಿನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಅವರು ಇಗರ್ಜಿಯವರು ಮಾಡಿದ ಬಸ್ಸಿನಲ್ಲಿ ಹಳೆ ಗೋವಾಕ್ಕೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹದ ದರ್ಶನ ಪಡೆದು ಬಂದರು. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡ ಆ ಪಾದ್ರಿಯ ದೇಹವನ್ನು ಮಲಕ್ಕಾದ ಮಾರ್ಗವಾಗಿ 1554ರಲ್ಲಿ ಗೋವಾಕ್ಕೆ ತಂದರು. ಬಾಂ ಜೀಸಸ್ ಬೆಸಿಲಿಕಾದಲ್ಲಿ ಬೆಳ್ಳಿಯ ಸಂಪುಟದೊಳಗೆ ಎತ್ತರದಲ್ಲಿರುವ ಅದನ್ನು ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ಎದುರಿನ ಸೆ ಕೆಥೆಡ್ರಲಿನಲ್ಲಿ ಇಡುತ್ತಾರೆ. ಈ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇಟ್ಟಿದ್ದರು. ನನ್ನನ್ನೂ ಕರೆದರು. ಬರುವುದಿಲ್ಲ ಎಂದೆ. "ಸತ್ತು ನಾನ್ನೂರ ಎಪ್ಪತ್ತು ವರ್ಷವಾದವರಿಗೂ ಹೆದರುತ್ತೀರಲ್ಲ ಮಾಸ್ತರರೇ, ನಾಳೆ ನಾನು ಸತ್ತರೆ ಏನು ಮಾಡುತ್ತೀರಿ?" ಎಂದು ನಕ್ಕರು.

ಹಾಗಾಗಿ ಇಂದು ಮಧ್ಯಾಹ್ನ ಒಳಗೆ ಹೋದೆ.

ಶವಪೆಟ್ಟಿಗೆಯನ್ನು ನಡುಮನೆಯಲ್ಲಿ, ಅವರು ಯಾವಾಗಲೂ ಕುಳಿತು ಬಸಳೆ ಸೋಸುತ್ತಿದ್ದ ಕಿಟಕಿಯ ಬದಿಗೇ ಇಟ್ಟಿದ್ದರು. ಮುಚ್ಚಳವನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಹೆಂಗಸರು ಕೊಂಕಣಿಯಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದರು; ಬಂದವರು ಸಣ್ಣದೊಂದು ರೆಂಬೆಯನ್ನು ಪವಿತ್ರಜಲದಲ್ಲಿ ಅದ್ದಿ ಚಿಮುಕಿಸುತ್ತಿದ್ದರು, ಹತ್ತಿರದವರು ಬಗ್ಗಿ ಹಣೆಗೆ ಮುತ್ತಿಡುತ್ತಿದ್ದರು. ಹತ್ತಿರ ಹೋದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮುಖವಲ್ಲ, ಕನ್ನಡಕ. ಒಂದು ಕಡ್ಡಿ ಮುರಿದು ದಾರ ಸುತ್ತಿದ್ದ ಅದೇ ಹಳೆಯ ಕನ್ನಡಕವನ್ನು ಮುಚ್ಚಿದ ಕಣ್ಣುಗಳ ಮೇಲೆ ಹಾಕಿದ್ದರು. ನನಗೆ ನಗು ಬಂದಂತಾಗಿ ಗಂಟಲು ಕಟ್ಟಿತು. ಮುಖಕ್ಕೆ ಪೌಡರು ಬಳಿದಿದ್ದರು, ತುಟಿಗೆ ತೆಳ್ಳಗೆ ಬಣ್ಣವಿತ್ತು. ಜೀವಮಾನದಲ್ಲಿ ಪೌಡರು ಮುಟ್ಟದವರಿಗೆ ಇದು ಯಾಕೆ ಎಂದು ಸಿಟ್ಟೂ ಬಂತು. ಕನ್ನಡಕ ಮಾತ್ರ ಅವರದ್ದಾಗಿತ್ತು, ಆ ಮುಖ ಬೇರೆ ಯಾರೋ ಮಾಡಿಕೊಟ್ಟದ್ದಾಗಿತ್ತು.

ಇತಿಹಾಸದ ಮಾಸ್ತರನಿಗೆ ಸಾವಿನ ಮನೆಯಲ್ಲೂ ಇಸವಿಗಳೇ ನೆನಪಾಗುತ್ತವೆ. ಸತ್ತವರ ಮುಖವನ್ನು ಕೆಡದಂತೆ ಸಿದ್ಧಮಾಡಿ ತೋರಿಸುವ ರೂಢಿ ಅಮೆರಿಕದಲ್ಲಿ ಬಲವಾದದ್ದು ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ, ದೂರದಲ್ಲಿ ಮಡಿದ ಸೈನಿಕರನ್ನು ರೈಲಿನಲ್ಲಿ ಊರಿಗೆ ಕಳುಹಿಸಬೇಕಾಗಿ ಬಂದಾಗ. 1865ರ ಏಪ್ರಿಲ್ 15ರಂದು ತೀರಿಕೊಂಡ ಲಿಂಕನ್ನರ ದೇಹವನ್ನು ವಾಷಿಂಗ್ಟನ್ನಿನಿಂದ ರೈಲಿನಲ್ಲಿ ಊರೂರಿಗೆ ಒಯ್ದು, ಜನರಿಗೆ ಮುಖ ತೋರಿಸುತ್ತ, ಮೇ 4ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಸಮಾಧಿ ಮಾಡಿದರು. ಅದೇ ದೇಶದಲ್ಲಿ 1955ರಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನನ್ನು ಬಿಳಿಯರು ಹಿಂಸಿಸಿ ಕೊಂದಾಗ, ಅವನ ತಾಯಿ ಆ ವಿಕಾರಗೊಂಡ ಮುಖವನ್ನು ಯಾವ ಬಣ್ಣವೂ ಮುಚ್ಚದಂತೆ, ಪೆಟ್ಟಿಗೆಯನ್ನು ತೆರೆದೇ ಇಡಬೇಕೆಂದು ಶಿಕಾಗೋದಲ್ಲಿ ಹಟ ಹಿಡಿದಳು. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನ್ನ ಧ್ವನಿ ಗಟ್ಟಿಯಾಗಿರುತ್ತಿತ್ತು. ಮುಖ ನೋಡಬೇಕೆಂದು ಬೇರೆಯವರಿಗೆ ಪಾಠ ಹೇಳುವುದು ಸುಲಭ.

ಪೌಡರಿಗಿಂತ ಹೆಚ್ಚು ನನ್ನನ್ನು ಕೆರಳಿಸಿದ್ದು ಮೊಬೈಲು. ಅಳುತ್ತಿದ್ದ ಮಗಳ ಭುಜದ ಮೇಲಿಂದ ಕೈ ಚಾಚಿ ಒಬ್ಬರು ವೀಡಿಯೊ ಮಾಡುತ್ತಿದ್ದರು. ಬರಲಾಗದ ನೆಂಟರಿಗೆ ಕಳುಹಿಸಲು ಎಂದರು. ಇರಬಹುದು. ಆದರೆ ಮುಖ ನೋಡುವವನಿಗೆ ಬಗ್ಗುವ ಕಷ್ಟವಾದರೂ ಇರಬೇಕು. ಚಹಾ ಕುಡಿಯುತ್ತ ಬೆರಳಲ್ಲಿ ಸರಿಸಿ ನೋಡುವ ವಸ್ತು ಅದಲ್ಲ.

ಹೊರಗೆ ಚಾವಡಿಯಲ್ಲಿ ಮಾತು ಶಿರೂರಿನ ಕಡೆ ತಿರುಗಿತ್ತು. ನಮ್ಮ ಜಿಲ್ಲೆಯಲ್ಲಿ ಈಗ ಯಾವ ಸಾವಿನ ಮನೆಯಲ್ಲಿ ಕುಳಿತರೂ ಅದು ಬರುತ್ತದೆ. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಸೇರಿದಾಗ ಕೊಚ್ಚಿಹೋದ ಲಾರಿಯನ್ನು ಎತ್ತಿದ್ದು ಸೆಪ್ಟೆಂಬರ್ ತಿಂಗಳಲ್ಲಿ. ಅದರೊಳಗಿದ್ದ ಚಾಲಕನನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಮುಖ ನೋಡಲು ಒಲ್ಲೆ ಎನ್ನುವುದಕ್ಕೂ ಎದುರಿಗೆ ಒಂದು ಮುಖವಿರಬೇಕಲ್ಲ ಎಂದು ನನಗೆ ಅನ್ನಿಸಿತು. ಆಸ್ಪತ್ರೆಯ ಹೊರಗೆ ನಾನು ಬೇಡವೆಂದದ್ದು ಎಷ್ಟು ದೊಡ್ಡ ಸವಲತ್ತಾಗಿತ್ತು!

ಸ್ಮಶಾನದಲ್ಲಿ ಮುಚ್ಚಳ ಹಾಕುವ ಮುಂಚೆ ಮಗಳು ಕನ್ನಡಕವನ್ನು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿದಳು. ಆಗ ಅರೆಕ್ಷಣ ಬಾಯಿಯವರ ಮೂಗಿನ ಎರಡೂ ಬದಿಯಲ್ಲಿ ಕನ್ನಡಕ ಕೂತು ಕೂತು ಬಿದ್ದಿದ್ದ ಗುಳಿ ಕಂಡಿತು. ಪೌಡರು ಅಲ್ಲಿಗೆ ಮುಟ್ಟಿರಲಿಲ್ಲ. ಅದು ಅವರೇ.

16 ಫೆಬ್ರವರಿ, ಭಾನುವಾರ

ಬೆಳಿಗ್ಗೆ ತಂಗಿಗೆ ಫೋನು ಮಾಡಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿ, ಅಪ್ಪಯ್ಯನ ಮುಖ ಹೇಗಿತ್ತು ಎಂದು ವಿವರವಾಗಿ ಕೇಳಿದೆ. ಗಡ್ಡ ಬೆಳೆದಿತ್ತೇ, ಬಾಯಿ ಮುಚ್ಚಿತ್ತೇ, ಮೂಗಿನ ಬದಿಯ ನರುಳ್ಳೆ ಕಾಣುತ್ತಿತ್ತೇ ಎಂದೆಲ್ಲ ಕೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ. ಆಮೇಲೆ, "ಯಂಗೂ ಸಮಾ ಕಂಡಿದ್ದಿಲ್ಲೆ ಅಣ್ಣಾ" ಎಂದಳು. ಅವತ್ತು ತೊಡಿಸಿದ್ದ ಪ್ಲಾಸ್ಟಿಕ್ಕಿನ ಮುಖಕವಚದ ಒಳಗೆ ಅವಳ ಉಸಿರೇ ಮಂಜಾಗಿ ಕಟ್ಟಿತ್ತಂತೆ, ಒರೆಸಿಕೊಳ್ಳಲು ಬಿಡಲಿಲ್ಲವಂತೆ. ಬೆಳ್ಳಗೆ ಏನೋ ಕಂಡಿತು, ಗಡ್ಡವೇ ಇರಬೇಕು ಎಂದುಕೊಂಡಳಂತೆ. ನಿದ್ದೆ ಮಾಡಿದ ಹಾಗೆ ಇದ್ದ ಎಂದು ಯಾಕೆ ಹೇಳಿದೆ ಎಂದು ನಾನು ಕೇಳಲಿಲ್ಲ. ತೋಟಕ್ಕೆ ನೀರು ಬಿಟ್ಟಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಅವಳು ಫೋನಿಟ್ಟಳು.